ಸತ್ಯಾಂಶ: ಜಲಾಂತರ್ಗಾಮಿಯೊಳಗೆ ಸಮುದ್ರದ ಒತ್ತಡ ದೇಹಕ್ಕೆ ತಟ್ಟುತ್ತದೆಯೇ?

ಜಲಾಂತರ್ಗಾಮಿ ಆಳಕ್ಕಿಳಿದಷ್ಟೂ ಸಿಬ್ಬಂದಿಯ ದೇಹದ ಮೇಲೆ ಸಮುದ್ರದ ಒತ್ತಡ ಬೀಳುತ್ತದೆ, ಅದನ್ನು ತಾಳಿಕೊಳ್ಳುವುದಕ್ಕೆಂದೇ ಅವರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು (ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ಹೇರುವ ಒತ್ತಡದಷ್ಟು) ಹೆಚ್ಚುವುದು ಹೌದಾದರೂ, ಆ ಭಾರವನ್ನೆಲ್ಲ ನೌಕೆಯ ಗಟ್ಟಿಮುಟ್ಟಾದ ಲೋಹದ ಒಡಲೇ ಹೊರುವುದರಿಂದ ಒಳಗಿನ ಗಾಳಿಯ ಒತ್ತಡವು ನೆಲದ ಮೇಲಿರುವುದಕ್ಕೆ ಹತ್ತಿರವಾಗಿಯೇ ಉಳಿಯುತ್ತದೆ. ತರಬೇತಿಯಲ್ಲಿ ಕಲಿಯುವುದು ಮುಖ್ಯವಾಗಿ ನೌಕೆಯ ಯಂತ್ರ, ಕವಾಟ, ವಿದ್ಯುತ್ ವ್ಯವಸ್ಥೆಗಳನ್ನು. ಜೊತೆಗೆ ಬೆಂಕಿ ಆರಿಸುವುದನ್ನು, ಒಳನುಗ್ಗುವ ನೀರನ್ನು ತಡೆಯುವುದನ್ನು. ಒತ್ತಡವು ನಿಜಕ್ಕೂ ದೇಹಕ್ಕೆ ತಟ್ಟುವುದು ಕೆಟ್ಟು ತಳ ಸೇರಿದ ನೌಕೆಯಿಂದ ಪಾರಾಗುವಾಗ: ಮೇಲೇರಿದಂತೆಲ್ಲ ನೀರಿನ ಒತ್ತಡ ಇಳಿದು ಶ್ವಾಸಕೋಶದೊಳಗಿನ ಗಾಳಿ ಹಿಗ್ಗುವುದರಿಂದ ಉಸಿರು ಬಿಗಿಹಿಡಿಯುವುದು ಪ್ರಾಣಾಪಾಯಕರ (ಗಾಬರಿಯಲ್ಲಿ ಯಾರಾದರೂ ಮಾಡುವುದು ಅದನ್ನೇ), ಆದ್ದರಿಂದಲೇ ಹಲವು ನೌಕಾಪಡೆಗಳು ಆಳವಾದ ತೊಟ್ಟಿಗಳನ್ನು ಕಟ್ಟಿ ಈ ಪಾರಾಗುವಿಕೆಯನ್ನು ಅಭ್ಯಾಸ ಮಾಡಿಸಿವೆ.