ಪ್ಲೇಟ್‌ಲೆಟ್ ಎಷ್ಟು ಅಂತ ಕೇಳ್ತೀರಿ, ಶುಗರ್ ಎಷ್ಟು ಅಂತ ಯಾಕೆ ಕೇಳಲ್ಲ?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ, ಇಲ್ಲಿ ಬರೆದು ಇಳಿಸಿಕೊಳ್ತೀನಿ. ನಾನು ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಕೂತು ಊರವರ ರಕ್ತ ತೆಗೆಯುವವನು ಅಂತ ನಿಮಗೆಲ್ಲ ಗೊತ್ತೇ ಇದೆ.

ಇವತ್ತು ಕುಂದಗೋಳ ಕಡೆಯ ಒಬ್ಬ ಕಾಕಾ ಬಂದಿದ್ದರು, ಜೊತೆಗೆ ಮಗಳು. ಡೆಂಗ್ಯೂ ಬಂದು ಹೋಗಿ ಒಂದೂವರೆ ತಿಂಗಳು. "ಜ್ವರ ಬಿಟ್ಟರೂ ಮೈಯಾಗ ತ್ರಾಣನ ಇಲ್ಲ ತಮ್ಮಾ" ಅಂದರು. ಕಾಲಿನ ಹೆಬ್ಬೆರಳಿಗೆ ಅರಿವೆ ಸುತ್ತಿತ್ತು. ಚಪ್ಪಲಿ ಕಡಿದ ಗಾಯ, ಮೂರು ವಾರವಾದರೂ ಮಾಯ್ದಿಲ್ಲ. ಚೀಟಿಯಲ್ಲಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಒಂದೇ ಬರೆದಿತ್ತು. ಕಾಕಾನನ್ನು ಕೇಳಿ, ಅದೇ ರಕ್ತದ ಒಂದು ಹನಿಯನ್ನು ಶುಗರ್ ಅಳೆಯುವ ಗ್ಲೂಕೋಮೀಟರ್ ಪಟ್ಟಿಗೆ ಹಚ್ಚಿದೆ. 342. ಚಹಾ ಕುಡಿದು ಬಂದಿದ್ದರು ಅಂತಾನೇ ಇಟ್ಟುಕೊಳ್ಳಿ, ಒಂದು ಕಪ್ ಚಹಾಕ್ಕೆ ಇಷ್ಟು ಏರುತ್ತಾ? ಮಗಳಿಗೆ ತೋರಿಸಿದೆ. ಆಕೆ ನೋಡಿ ಕೇಳಿದ್ದು, "ಅದಿರ್ಲಿ ಸರ್, ಪ್ಲೇಟ್‌ಲೆಟ್ ಎಷ್ಟದಾವ್ರಿ?"

ಎರಡೂವರೆ ಲಕ್ಷ ಇದ್ದವು ತಾಯಿ. ಜ್ವರ ಇಳಿದ ಮೇಲೆ ಬಹಳಷ್ಟು ಜನರಿಗೆ ತಾವೇ ಏರುತ್ತವೆ, ಪಪ್ಪಾಯಿ ಎಲೆ ರಸ ಕುಡಿದರೂ ಕುಡಿಯದಿದ್ದರೂ.

ಶಕ್ತಿ ಬರಲಿ ಅಂತ ಕಾಕಾಗೆ ಏನೇನು ಕೊಡ್ತಿದ್ದರು ಕೇಳಿ. ನೀರಿಗೆ ಗ್ಲೂಕೋಸ್ ಪುಡಿ. ಮೋಸಂಬಿ ಜ್ಯೂಸ್. ದಿನಕ್ಕೆ ಮೂರು ಸಲ ಬೆಲ್ಲ ಹಾಕಿದ ಕಷಾಯ. ಮೇಲೊಂದು 'ಇಮ್ಯೂನಿಟಿ' ಪುಡಿಯ ಡಬ್ಬಿ, ಅದು ಚೀಲದಲ್ಲೇ ಇತ್ತು. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮೊದಲ ಹೆಸರೇ ಸಕ್ಕರೆ! ಯಾವುದು ಎಲ್ಲಕ್ಕಿಂತ ಜಾಸ್ತಿ ಇರುತ್ತೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಅಂದರೆ ದುಡ್ಡು ಕೊಟ್ಟು ಸಕ್ಕರೆ ತಂದು, ಶುಗರ್ ಇರುವ ಮನುಷ್ಯನಿಗೆ, ರೋಗನಿರೋಧಕ ಶಕ್ತಿಯ ಹೆಸರಲ್ಲಿ ಕುಡಿಸಿದ್ದಾರೆ. ಪ್ರೀತಿಯಿಂದಲೇ ಕುಡಿಸಿದ್ದಾರೆ, ಅದೇ ಸಂಕಟ.

ಸಕ್ಕರೆ ಏರಿದ ರಕ್ತದಲ್ಲಿ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಗಾಯ ಇರುವ ಜಾಗಕ್ಕೆ ಬೇಗ ಹೋಗಲ್ಲ, ಹೋದರೂ ರೋಗಾಣುವನ್ನು ಸರಿಯಾಗಿ ನುಂಗಲ್ಲ. ಮೀಟರ್‌ನಲ್ಲಿ 342 ಕಂಡ ಮೇಲೆ ಆ ಹೆಬ್ಬೆರಳು ಯಾಕೆ ಮಾಯ್ದಿಲ್ಲ ಅಂತ ನಾನು ಬೇರೆಯವರನ್ನು ಕೇಳಬೇಕಿರಲಿಲ್ಲ. ಹೊಟ್ಟೆಯ ಬೊಜ್ಜೂ ಸುಮ್ನೆ ಕೂರುವ ವಸ್ತು ಅಲ್ಲ, ಅದರಿಂದ ಉರಿಯೂತದ ರಾಸಾಯನಿಕಗಳು ಸದಾ ರಕ್ತಕ್ಕೆ ಇಳಿಯುತ್ತಲೇ ಇರುತ್ತವೆ. ಒಳಗೆ ಕೆಂಡ ಇರುವ ಮನೆಗೆ ವೈರಸ್ ಬಂದರೆ ಏನಾಗುತ್ತೆ ಅಂತ ಕೊರೊನಾದಲ್ಲಿ ನೋಡಿದ್ದೀವಿ, ಅಲ್ವಾ?

ಇನ್ನೊಂದು ಎಡವಟ್ಟು ಪ್ರತಿ ಮಳೆಗಾಲ ನೋಡ್ತೀನಿ. "ಜ್ವರ ಬಂದು ಊಟಾನೇ ಮಾಡಿಲ್ಲ, ಅದಕ್ಕ ಶುಗರ್ ಗುಳಿಗಿ ಬಿಟ್ಟೇನ್ರಿ." ಊಟ ಬಿಟ್ಟರೂ ಜ್ವರದಲ್ಲಿ ಸಕ್ಕರೆ ಏರಬಹುದು ಮಾರಾಯರೇ! ಜ್ವರ ಬಂದಾಗ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಅನ್ನುವ ಹಾರ್ಮೋನುಗಳು ಜಾಸ್ತಿಯಾಗುತ್ತವೆ, ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತೆ. ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ಕೆಲವು ಗುಳಿಗೆ ನಿಲ್ಲಿಸಬೇಕಾಗುತ್ತೆ, ನಿಜ, ಆದರೆ ಅದನ್ನು ಡಾಕ್ಟರ್ ಹೇಳಬೇಕು, ಪಕ್ಕದ ಮನೆಯ ಅತ್ತಿಗೆ ಅಲ್ಲ. ಚಿಕೂನ್‌ಗುನ್ಯಾ ಆದವರದ್ದು ಇನ್ನೊಂದು ಕಥೆ. ಕೀಲುನೋವಿಗೆ ಯಾರೋ ಒಂದು ಸೂಜಿ ಮಾಡ್ತಾರೆ, ಎರಡೇ ದಿನದಲ್ಲಿ ಎದ್ದು ಓಡಾಡ್ತಾರೆ, ಅದು ಸ್ಟಿರಾಯ್ಡ್ ಆಗಿದ್ದರೆ ಸಕ್ಕರೆಯೂ ಜೊತೆಗೇ ಓಡುತ್ತೆ.

ಬೈಯುವ ಹಕ್ಕು ನನಗಿದೆಯಾ ಅಂತ ಕೇಳಿದರೆ, ಇಲ್ಲ. ಇದನ್ನು ಇಲ್ಲಿ ಯಾವತ್ತೂ ಹೇಳಿರಲಿಲ್ಲ. 2021ರ ಮೇ ತಿಂಗಳಲ್ಲಿ ನನಗೆ ಕೊರೊನಾ ಆಗಿ ಸ್ಟಿರಾಯ್ಡ್ ಕೊಟ್ಟಾಗ ನನ್ನ ಶುಗರ್ 410. ಎಚ್‌ಬಿಎ1ಸಿ 8.9. ಅದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾಲ್ಕು ದಿನದ ಸ್ಟಿರಾಯ್ಡ್‌ಗೆ ಅದು ಅಷ್ಟು ಏರಲ್ಲ. ಅಂದರೆ ಮೊದಲೇ ಇತ್ತು. ದಿನಕ್ಕೆ ನಲವತ್ತು ಜನರ ಶುಗರ್ ನೋಡುವವನು ತನ್ನದನ್ನು ನೋಡಿಕೊಂಡಿರಲಿಲ್ಲ! ಆಗ ಬ್ಲ್ಯಾಕ್ ಫಂಗಸ್ ಕಾಲ. ಆ ಶಿಲೀಂಧ್ರ ಮಣ್ಣಲ್ಲಿ, ಗಾಳಿಯಲ್ಲಿ ಯಾವಾಗಲೂ ಇರುವಂಥದ್ದು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಹತೋಟಿ ತಪ್ಪಿದ ಶುಗರ್ ಇದ್ದವರು, ಸ್ಟಿರಾಯ್ಡ್ ತಗೊಂಡವರು. ದಿನಾ ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ಕಣ್ಣು ಊದಿದೆಯಾ ಅಂತ ನೋಡಿಕೊಳ್ತಿದ್ದೆ. ಹೆಂಡತಿಗೆ ಹೇಳಿರಲಿಲ್ಲ. ಇವತ್ತು ಇಲ್ಲೇ ಓದುತ್ತಾಳೆ, ಬೈಸಿಕೊಳ್ತೀನಿ.

"ನಿನ್ನ ಲ್ಯಾಬಿನ ವ್ಯಾಪಾರ ಮಾತಾಡಿಸ್ತಾ ಇದೆ" ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡ್ತೀನಿ, ಗ್ಲೂಕೋಮೀಟರ್ ಮನೆಯಲ್ಲೇ ಇಟ್ಟುಕೊಳ್ಳಿ, ನನ್ನ ಹತ್ತಿರ ಬರಲೇಬೇಡಿ. "ನಮ್ಮಜ್ಜ ಬೆಲ್ಲ ತಿಂದೇ ತೊಂಬತ್ತು ವರ್ಷ ಇದ್ದ" ಅನ್ನುವವರೂ ಇದ್ದೀರಿ. ಇದ್ದಿರಬಹುದು. ನಿಮ್ಮಜ್ಜ ದಿನವಿಡೀ ಕುಂಟೆ ಹೊಡೀತಿದ್ದ, ನೀವು ಚಿಗರಿ ಬಸ್ಸಿನಲ್ಲಿ ಸೀಟಿಗೆ ಜಗಳಾಡ್ತೀರಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ 2023ರ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಅದರ ಅಂಚಿನಲ್ಲಿ ಇರುವವರು 13.6 ಕೋಟಿ. ಅವರಿಗೂ ಅಜ್ಜಂದಿರು ಇದ್ದರು.

ಇನ್ನೂ ಕೋಪ ಇಳಿದಿಲ್ಲ. ಜ್ವರದ ಮನೆಗೆ ಮಾತಾಡಿಸೋಕೆ ಬರುವವರ ಕೈಯಲ್ಲಿ ಕಿವಿ ಹಣ್ಣು, ಡ್ರ್ಯಾಗನ್ ಹಣ್ಣು, ಬಾಯಲ್ಲಿ ಪ್ಲೇಟ್‌ಲೆಟ್. ಒಬ್ಬರಾದರೂ "ಶುಗರ್ ನೋಡ್ಸಿರೇನು?" ಅನ್ನಲ್ಲ.

ಕಾಕಾಗೆ ಹೆಬ್ಬೆರಳನ್ನು ಇವತ್ತೇ ಡಾಕ್ಟರಿಗೆ ತೋರಿಸಿ, 342 ಅಂತ ಬಾಯಿಬಿಟ್ಟು ಹೇಳಿ ಅಂತ ಚೀಟಿ ಹಿಂದೆ ದೊಡ್ಡದಾಗಿ ಬರೆದು ಕಳಿಸಿದೆ. ಹೋಗುವಾಗ ಚೀಲದಿಂದ ಧಾರವಾಡ ಪೇಡೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ಇನ್ನ ನಾ ತಿನ್ನಂಗಿಲ್ಲಲ್ಲ, ನೀನ ತಿನ್ನು ತಮ್ಮಾ" ಅಂದರು. ನನ್ನ ಕಥೆ ಅವರಿಗೇನು ಗೊತ್ತು.

ಒಂದು ತಿಂದೆ, ಸುಳ್ಳು ಹೇಳಲ್ಲ. ಉಳಿದದ್ದು ರಿಸೆಪ್ಷನ್ ಹುಡುಗಿಯರಿಗೆ ಹೋಯಿತು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರ್ತೀನಿ ಅಂದಿದ್ದಾರೆ ಕಾಕಾ. ಏಳೂವರೆಗೆ ಕಾಯ್ತೀನಿ.