ಕಲಿಕೆಯ ಖಾತೆ

ಸಹಕಾರ ಸಂಘವೊಂದರಲ್ಲಿ ಹದಿನೈದು ವರ್ಷ ಲೆಕ್ಕ ಬರೆದವನಿಗೆ ಮನೆಯಲ್ಲಿಯೂ ಲೆಕ್ಕ ಬರೆಯುವ ಚಟ ಅಂಟಿಕೊಂಡಿರುತ್ತದೆ. ನನ್ನ ಬೀರುವಿನಲ್ಲಿರುವ 200 ಪುಟಗಳ ನೋಟುಪುಸ್ತಕದ ರಟ್ಟಿನ ಮೇಲೆ ‘ಕಲಿಕೆ’ ಎಂದಷ್ಟೇ ಬರೆದಿದೆ. ಒಳಗೆ ಪ್ರತಿ ಪುಟದಲ್ಲಿಯೂ ಎರಡು ಕಾಲಂಗಳಿದ್ದು, ಎಡಗಡೆಯದಕ್ಕೆ ‘ಬಿಡಿಭಾಗ’ ಎಂದೂ ಬಲಗಡೆಯದಕ್ಕೆ ‘ದಡ್ಡತನ’ ಎಂದೂ ಹೆಸರು. ಏಳು ತಿಂಗಳ ಕೊನೆಗೆ ಕೂಡಿಸಿ ನೋಡಿದಾಗ ಬಲಗಡೆಯ ಮೊತ್ತವೇ 640 ರೂಪಾಯಿ ಹೆಚ್ಚಿತ್ತು.

ಕಳೆದ ವರ್ಷದ ಮೇ ತಿಂಗಳಲ್ಲಿ ಪರಿಚಿತರೊಬ್ಬರ ಮನೆಯ ಉಪನಯನಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆಯಲು ಹಿತ್ತಿಲ ಕಡೆ ಹೋದಾಗ, ಕೊಟ್ಟಿಗೆಯ ಮೂಲೆಯಲ್ಲಿ ದರಕಿನ ರಾಶಿಗೆ ಒರಗಿಕೊಂಡು ಒಂದು ಹೀರೋ ಹೋಂಡಾ ಕರಿಜ್ಮಾ ನಿಂತಿದ್ದುದು ಕಣ್ಣಿಗೆ ಬಿತ್ತು. 2003ರಲ್ಲಿ ಈ ಬೈಕು ಮಾರುಕಟ್ಟೆಗೆ ಬಂದಾಗ ನಾನು ಶಿವಮೊಗ್ಗದಲ್ಲಿ ಓದುತ್ತಿದ್ದೆ. ಊರಿನ ಬಹುತೇಕ ಬೈಕುಗಳು 100 ಸಿ.ಸಿ.ಯವಾಗಿದ್ದ ಆ ದಿನಗಳಲ್ಲಿ, 223 ಸಿ.ಸಿ.ಯ ಎಂಜಿನ್ನು ಹೊತ್ತು ಮುಖಕ್ಕೆ ಕವಚ ತೊಟ್ಟುಕೊಂಡು ಬರುತ್ತಿದ್ದ ಕರಿಜ್ಮಾವನ್ನು ನೋಡಲೆಂದೇ ನಾವು ಕೆಲವರು ನೆಹರೂ ರಸ್ತೆಯಲ್ಲಿ ಕಾರಣವಿಲ್ಲದೆ ನಿಂತಿರುತ್ತಿದ್ದೆವು. ಈಗ ನನ್ನೆದುರಿಗಿದ್ದದ್ದು 2006ರ ಗಾಡಿ. ಮನೆಯ ಮಗ ಬೆಂಗಳೂರು ಸೇರಿದ ಮೇಲೆ ಆರು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕುಳಿತಿತ್ತು. 16,000 ರೂಪಾಯಿಗೆ ವ್ಯವಹಾರ ಕುದುರಿತು. ಯಜಮಾನರಿಗೆ ಒಳಗೊಳಗೇ ಏನೋ ಅಳುಕು ಆಗಿರಬೇಕು, ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಪುಕ್ಕಟೆಯಾಗಿ ಸೇರಿಸಿ ಕೊಟ್ಟರು. ಇಡೀ ವ್ಯವಹಾರದಲ್ಲಿ ಲಾಭವೆಂದು ಬರೆಯಬಹುದಾದದ್ದು ಆ ಭರಣಿಯೊಂದೇ ಎಂಬುದು ನನ್ನ ಅಮ್ಮನ ಇಂದಿಗೂ ಬದಲಾಗದ ಅಭಿಪ್ರಾಯ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಸಮೀಪ, ಅಡಿಕೆ ತೋಟದ ತಲೆಯ ಮೇಲಿದೆ. ಪಿಕಪ್ಪಿನಿಂದ ಬೈಕನ್ನು ಇಳಿಸುತ್ತಿದ್ದಾಗ ಅಮ್ಮ ಜಗಲಿಗೆ ಬಂದು ನೋಡಿ, “ಎಂತದೋ ಇದು? ಗುಜರಿಯವನು ತಗೊಂಡು ಹೋಗೋದು ಬಿಟ್ಟು ಇಳಿಸಿ ಹೋಗ್ತಾ ಇದ್ದಾನಲ್ಲ!” ಎಂದರು. ಓಡಿಸುವುದಕ್ಕಲ್ಲ, ಬಿಚ್ಚಿ ಜೋಡಿಸಿ ಕಲಿಯುವುದಕ್ಕಾಗಿ ತಂದಿದ್ದೇನೆ ಎಂದು ನಾನು ಗಂಭೀರವಾಗಿ ವಿವರಿಸಿದೆ. ಕಲಿಯಲಿಕ್ಕೆ ಇಷ್ಟು ವಯಸ್ಸಾಗುವ ತನಕ ಕಾದದ್ದೇಕೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ವಾರ ಗೆದ್ದೆನೆಂದೇ ಭಾವಿಸಿದ್ದೆ. ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಒಳಗೆ ಇಲಿಯೊಂದು ಅಡಿಕೆ ಸಿಪ್ಪೆ, ಹತ್ತಿ ಮತ್ತು ಯಾರದೋ ಮದುವೆಯ ಕರೆಯೋಲೆಯ ಚೂರುಗಳಿಂದ ಅಚ್ಚುಕಟ್ಟಾದ ಮನೆ ಕಟ್ಟಿತ್ತು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ ಎಂಬುದನ್ನು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಹಿಂದಿನ ಟೈರಿನ ಮೇಲೆ 3209 ಎಂದಿತ್ತು, ಅಂದರೆ ಅದು 2009ರ ಆಗಸ್ಟಿನಲ್ಲಿ ಹುಟ್ಟಿದ ಟೈರು. ಎಡಗಡೆಯ ಕಾಲಂ ತುಂಬತೊಡಗಿತು.

ಬಲಗಡೆಯದು ಆರಂಭವಾದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ತಳದ ಸ್ಕ್ರೂಗಳಿಂದ. ಜಪಾನಿನ ವಿನ್ಯಾಸದ ಎಂಜಿನ್ನುಗಳ ಸ್ಟಾರ್ ತಲೆಯ ಸ್ಕ್ರೂ ನೋಡಲಿಕ್ಕೆ ಮನೆಯ ಸ್ವಿಚ್ ಬೋರ್ಡಿನ ಸ್ಕ್ರೂವಿನಂತೆಯೇ ಕಂಡರೂ ಅದರ ಕುಲ ಬೇರೆ. ಅದು ಜೆ.ಐ.ಎಸ್. ಎಂಬ ಜಪಾನೀ ಮಾನಕದ್ದು, ನಮ್ಮ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರಿನ ತುದಿ ಅದರ ತಳದಲ್ಲಿ ಸರಿಯಾಗಿ ಕೂರುವುದಿಲ್ಲ, ಬಲ ಹಾಕಿದಷ್ಟೂ ಜಾರಿ ಮೇಲಕ್ಕೆ ಬರುತ್ತದೆ. ಈ ಸೂಕ್ಷ್ಮ ನನಗೆ ತಿಳಿದದ್ದು ನಾಲ್ಕು ಸ್ಕ್ರೂಗಳಲ್ಲಿ ಮೂರರ ತಲೆಯನ್ನು ಸವೆಸಿ ದುಂಡಗಿನ ಗುಳಿ ಮಾಡಿದ ಬಳಿಕ. ಕಾರ್ಬೊರೇಟರನ್ನು ಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದೆ. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಅದನ್ನು ತಿರುಗಿಸಿ ನೋಡಿ, “ಇಲಿ ಕಚ್ಚಿದ್ದಾ ಮಾರಾಯ್ರೆ?” ಎಂದು ಕೇಳಿದರು. ಹೌದೆಂದೆ. ಇಲಿಯ ಮೇಲೆ ನಾನು ಹಾಕಿದ ಸುಳ್ಳು ಆರೋಪ ಅದೊಂದೇ.

ಪೆಟ್ರೋಲ್ ಟ್ಯಾಂಕಿನ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ತಳದಲ್ಲಿ ಉಳಿದಿದ್ದ ಪೆಟ್ರೋಲು ಜೋನಿಬೆಲ್ಲದ ಬಣ್ಣಕ್ಕೂ ಹದಕ್ಕೂ ತಿರುಗಿತ್ತು, ಒಳಗೋಡೆಯ ತುಂಬ ತುಕ್ಕು. ಎಥೆನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆರು ಮಳೆಗಾಲ ಹೀರಿದರೆ ಟ್ಯಾಂಕು ಹಾಗಾಗದೆ ಇನ್ನೇನಾದೀತು? ತುಕ್ಕು ತೆಗೆಯಲು ಸಿಟ್ರಿಕ್ ಆಮ್ಲದ ದ್ರಾವಣವನ್ನು ತುಂಬಿ ಒಂದು ರಾತ್ರಿ ಇಡಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಕೊಡುವುದೂ ಅದನ್ನೇ. ಟ್ಯಾಂಕು ಹಿಡಿಯುವುದು 15 ಲೀಟರು, ಅಂಗಡಿಯಲ್ಲಿ ಸಿಕ್ಕಿದ್ದು ಅರ್ಧ ಕಿಲೋ. ಹುಳಿ ಸಾಲದೆಂಬ ಅನುಮಾನ ಬಂದು, ಅಮ್ಮ ವರ್ಷಕ್ಕಾಗುವಷ್ಟು ಕಾಯಿಸಿಟ್ಟಿದ್ದ ಉಪ್ಪಾಗೆ ಹಣ್ಣಿನ ಹುಳಿಯ ಬಾಟಲಿಯನ್ನೂ ಅದರೊಳಗೆ ಬಗ್ಗಿಸಿದೆ. ಫಲಿತಾಂಶದ ಬಗ್ಗೆ ಎರಡು ಮಾತಿಲ್ಲ. ಬೆಳಗಾಗುವಷ್ಟರಲ್ಲಿ ಟ್ಯಾಂಕಿನ ಒಳಗು ತೊಳೆದ ಸ್ಟೀಲ್ ತಂಬಿಗೆಯಂತೆ ಹೊಳೆಯುತ್ತಿತ್ತು. ಅಡುಗೆಮನೆಯಲ್ಲಿ ಬಾಟಲಿ ಹುಡುಕುತ್ತಿದ್ದ ಅಮ್ಮನಿಗೆ ವಿಷಯ ತಿಳಿದದ್ದು ಅಂಗಳದಿಂದ ಬಂದ ಸಾರಿನ ಪರಿಮಳದಿಂದ.

ಆದರೆ ಹುಳಿ ತುಕ್ಕಿನ ಜೊತೆಗೆ ಕಬ್ಬಿಣದ ಹೊದಿಕೆಯನ್ನೂ ಕಳಚಿ ಅದನ್ನು ಬೆತ್ತಲೆ ನಿಲ್ಲಿಸುತ್ತದೆ. ಹಾಗೆ ನಿಂತ ಕಬ್ಬಿಣವನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು ಕೂಡಲೇ ಒಣಗಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಹಿಡಿಯುತ್ತದೆ. ಕೂಡಲೇ ಒಣಗಿಸಿ ಎಂದು ಬರೆದವರು ಯಾರೂ ಜುಲೈ ತಿಂಗಳಲ್ಲಿ ಆಗುಂಬೆಯ ಕಡೆ ಬಂದವರಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನ ಪಕ್ಕದಲ್ಲಿ, ತೊಳೆದ ಪಂಚೆಯೇ ನಾಲ್ಕು ದಿನ ಒಣಗದೆ ಮುಗ್ಗಲು ವಾಸನೆ ಹಿಡಿಯುವಾಗ, ಅಂಗೈಯಗಲದ ಬಾಯಿ ಇರುವ ಟ್ಯಾಂಕು ಹೇಗೆ ಒಣಗೀತು? ಟಾರ್ಚು ಹಾಕಿ ನೋಡುತ್ತಿದ್ದಂತೆಯೇ ಒಳಗೆ ಕೇಸರಿ ಬಣ್ಣ ಹಬ್ಬಿತು. ಮತ್ತೊಮ್ಮೆ ಹುಳಿ, ಮತ್ತೊಮ್ಮೆ ತೊಳೆತ. ಎರಡನೆಯ ಸಲ ಟ್ಯಾಂಕನ್ನು ಬಚ್ಚಲ ಒಲೆಯ ದಂಡೆಯ ಮೇಲೆ ಒಣಗಲಿಟ್ಟು ಬಂದೆ. ನೀರು ಕಾಯಿಸಲು ಹೋದ ಹೆಂಡತಿ ಬೆಂಕಿಯ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕನ್ನು ಕಂಡು ಹಾಕಿದ ಕೂಗಿಗೆ ಕೆಳಗಿನ ಮನೆಯವರು ಕತ್ತಿ ಹಿಡಿದು ಓಡಿ ಬಂದರು. ನಾಲ್ಕು ಸಲ ತೊಳೆದ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿ ಎಲ್ಲಿರುತ್ತದೆ ಎಂದು ವಾದಿಸಿದೆನಾದರೂ, ವಾದಿಸುವಾಗ ನಾನೂ ಒಲೆಯಿಂದ ದೂರವೇ ನಿಂತಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಮೇಲೆ ಹೆಂಡತಿಯ ಕೂದಲೊಣಗಿಸುವ ಯಂತ್ರವನ್ನು ಟ್ಯಾಂಕಿನ ಬಾಯಿಗೆ ಹಿಡಿದೆ. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು, ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಕೊನೆಗೆ ಮೇಸ್ತ್ರಿಗೆ ಫೋನು ಮಾಡಿದರೆ, “ಒಣಗಿಸೋದು ಯಾಕೆ? ಪೆಟ್ರೋಲಲ್ಲಿ ಎರಡು ಸಲ ಕುಲುಕಿ ಚೆಲ್ಲಿ, ಆಯಿಲ್ ಹಾಕಿ ತಿರುಗಿಸಿ, ನೀರಿನ ಪಸೆ ನಿಲ್ಲಲ್ಲ” ಎಂದರು. ಐದು ನಿಮಿಷದ ಕೆಲಸ. ಬಲಗಡೆಯ ಕಾಲಂನಲ್ಲಿ ಉಪ್ಪಾಗೆ ಹುಳಿಗೆ 350 ರೂಪಾಯಿ ಬರೆದೆ. ಅದರ ಬೆಲೆ ನಿಗದಿಪಡಿಸಿದವರು ಅಮ್ಮ.

ತೀರ್ಥಹಳ್ಳಿಯಲ್ಲಿ 2,800 ರೂಪಾಯಿ ಕೊಟ್ಟು ಟ್ಯಾಂಕಿಗೆ ಹಳದಿ ಬಣ್ಣ ಹೊಡೆಸಿದೆ. ಮುಂದಿನ ಡಿಸ್ಕ್ ಬ್ರೇಕಿನ ಹಳೆಯ ಎಣ್ಣೆ ತೆಗೆದು ಹೊಸದನ್ನು ತುಂಬುವಾಗ ನಾಲ್ಕು ಹನಿ ಅದರ ಮೇಲೆ ಬಿದ್ದವು. ಬ್ರೇಕಿನ ಎಣ್ಣೆ ಬಣ್ಣವನ್ನು ತಿನ್ನುತ್ತದೆ, ಬಿದ್ದ ಕ್ಷಣದಲ್ಲಿಯೇ ನೀರು ಸುರಿದು ತೊಳೆಯಬೇಕು. ನಾನು ಶುಭ್ರವಾದ ಬಟ್ಟೆ ತಂದು ಚೆನ್ನಾಗಿ ಒರೆಸಿ, ನಾಲ್ಕು ಹನಿಗಳ ಜಾಗದಲ್ಲಿ ಒಂದು ಅಂಗೈಯಗಲದ ಮಚ್ಚೆ ಮಾಡಿದೆ. ಏಳು ತಿಂಗಳು ನೀರಿನ ವಿರುದ್ಧವೇ ಹೋರಾಡಿದವನಿಗೆ, ನೀರು ಬೇಕಾಗಿದ್ದ ಒಂದೇ ಒಂದು ಸಂದರ್ಭದಲ್ಲಿ ಅದರ ನೆನಪಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಎಂಜಿನ್ನು ಹೊತ್ತಿಕೊಂಡಿತು, ಆದರೆ ಎಕ್ಸಲರೇಟರ್ ತಿರುಗಿಸಿದರೆ ಏಳಲೊಲ್ಲದು. ಈ ಬೈಕಿನ ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಹರಿವನ್ನು ಹೆಚ್ಚುಕಡಿಮೆ ಮಾಡುವ ಸೂಜಿಯನ್ನು ಮೇಲೆತ್ತುವುದು ಕೇಬಲ್ಲಲ್ಲ. ಎಂಜಿನ್ನು ಎಳೆದುಕೊಳ್ಳುವ ಗಾಳಿಯ ಒತ್ತಡದ ವ್ಯತ್ಯಾಸಕ್ಕೆ ತೆಳುವಾದ ರಬ್ಬರಿನ ಪೊರೆಯೊಂದು ಮೇಲೇಳುತ್ತದೆ, ಅದರೊಡನೆ ಸೂಜಿಯೂ ಏಳುತ್ತದೆ. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟುಗಳಿಗೆ ಹೊಡೆಯಬೇಕಾದ ಕ್ಲೀನರ್ ಸ್ಪ್ರೇಯನ್ನು ನಾನು ಭಕ್ತಿಯಿಂದ ಆ ಪೊರೆಗೂ ಹೊಡೆದಿದ್ದೆ. ಅದು ಉಬ್ಬಿ, ಸುಕ್ಕಾಗಿ, ಅಂಚಿನಲ್ಲಿ ಹರಿದಿತ್ತು. ಹೊಸ ಪೊರೆ ತರಿಸಿ ಕೂರಿಸುವ ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವವರು ಸಾಲಾಗಿ ಕುಳಿತಿದ್ದರು. ಪ್ರೇಕ್ಷಕರಿದ್ದಾರೆಂಬ ಉತ್ಸಾಹದಲ್ಲಿ ಮುಚ್ಚಳವನ್ನು ಸರಕ್ಕನೆ ತೆಗೆದೆ. ಒಳಗಿದ್ದ ಉದ್ದನೆಯ ಸ್ಪ್ರಿಂಗು ಚಿಮ್ಮಿ, ಎಲ್ಲರ ತಲೆಯ ಮೇಲೆ ಹಾರಿ, ಸುಲಿದ ಅಡಿಕೆಯ ರಾಶಿಯಲ್ಲಿ ಮಾಯವಾಯಿತು. ರಾತ್ರಿ ಹನ್ನೊಂದರ ತನಕ ಹುಡುಕಿದರೂ ಸಿಗಲಿಲ್ಲ. ಮೂರನೆಯ ದಿನ, ಚೊಗರಿನ ಕೆಂಪು ರಸದಲ್ಲಿ ಬೆಂದು ತಟ್ಟಿಯ ಮೇಲೆ ಒಣಗುತ್ತಿದ್ದ ಅಡಿಕೆಯ ನಡುವೆ ಅದು ಪತ್ತೆಯಾಯಿತು. ಸುಲಿಯುವ ಹೆಂಗಸರಲ್ಲಿ ಹಿರಿಯಳಾದವಳು ಕೆಂಪಗೆ ಬಣ್ಣವೇರಿದ ಸ್ಪ್ರಿಂಗನ್ನು ಎರಡು ಬೆರಳುಗಳಲ್ಲಿ ಎತ್ತಿ ಹಿಡಿದು, “ಅಣ್ಣಯ್ಯಾ, ಇದು ಸರಕಿಗೆ ಸೇರೋದಾ, ಬೆಟ್ಟೆಗಾ, ಗೊರಬಲಿಗಾ?” ಎಂದು ಅಡಿಕೆಯ ದರ್ಜೆಗಳನ್ನು ಹೆಸರಿಸಿ ಕೇಳಿದಳು. ಸ್ಪ್ರಿಂಗು ಇಂದಿಗೂ ಕಾರ್ಬೊರೇಟರಿನೊಳಗೆ ಅದೇ ಬಣ್ಣದಲ್ಲಿ ಕೆಲಸ ಮಾಡುತ್ತಿದೆ.

ಇನ್ನು ಉಳಿದದ್ದು ವಯರುಗಳು. ಇಲಿ ಕಡಿದಿದ್ದ ತಂತಿಗಳನ್ನು ಬಿಡಿಸಿ, ಒಂದೊಂದಕ್ಕೂ ಕಾಗದದ ಟೇಪು ಸುತ್ತಿ ಹೆಸರು ಬರೆದಿಟ್ಟಿದ್ದೆ. ತೇವಕ್ಕೆ ಟೇಪುಗಳೆಲ್ಲ ಕಳಚಿ ಬಿದ್ದು ಡಬ್ಬಿಯ ತಳದಲ್ಲಿ ಒಂದು ಮುದ್ದೆಯಾಗಿದ್ದವು. ಇರಲಿ, ಬಣ್ಣದ ಪದ್ಧತಿ ಇದೆಯಲ್ಲ ಎಂದುಕೊಂಡೆ. ಹೋಂಡಾ ಪದ್ಧತಿಯಲ್ಲಿ ಬರೀ ಹಸಿರು ಅರ್ಥಿಂಗು, ತಿಳಿಹಸಿರು ಹಾರ್ನು, ಹಸಿರಿನ ಮೇಲೆ ಹಳದಿ ಗೆರೆ ಇದ್ದರೆ ಬ್ರೇಕ್ ಲೈಟು. ಗದ್ದೆಯ ಸಸಿಯ ಹಸಿರು ಬೇರೆ, ನಾಟಿಯಾಗಿ ತಿಂಗಳಾದ ಪೈರಿನ ಹಸಿರು ಬೇರೆ, ಹಲಸಿನೆಲೆಯದು ಬೇರೆ, ಗೋಡೆಯ ಪಾಚಿಯದು ಬೇರೆ ಎಂದು ಹುಟ್ಟಿದಂದಿನಿಂದ ನೋಡಿ ಬಲ್ಲ ಮಲೆನಾಡಿನವನು ನಾನು, ಮೂರು ಹಸಿರು ನನ್ನನ್ನು ಸೋಲಿಸೀತೆ ಎಂಬ ಜಂಬವಿತ್ತು. ಆದರೆ ಸಂಘದ ಕೆಲಸ ಮುಗಿಸಿ ಬಂದು ಕೊಟ್ಟಿಗೆಯ ಮಂಕು ಬಲ್ಬಿನ ಕೆಳಗೆ ಕುಳಿತಾಗ, ಹದಿನೆಂಟು ವರ್ಷದ ಮಣ್ಣು, ಗ್ರೀಸು ಮೆತ್ತಿದ ಆ ಮೂರೂ ತಂತಿಗಳು ಸಗಣಿಯ ಒಂದೇ ಬಣ್ಣಕ್ಕೆ ಬಂದಿದ್ದವು. ಜೋಡಿಸಿ ಮುಗಿಸಿ ಬ್ರೇಕು ತುಳಿದರೆ ಹಾರ್ನು ಕೂಗಿತು. ಹಾರ್ನಿನ ಗುಂಡಿ ಒತ್ತಿದರೆ ಹಿಂದೆ ದೀಪವೂ ಹತ್ತಲಿಲ್ಲ. ಎರಡು ಸಲ ಬಿಚ್ಚಿ ಜೋಡಿಸಿದೆ, ಒಂದು ಫ್ಯೂಸು ಸುಟ್ಟದ್ದನ್ನು ಬಿಟ್ಟರೆ ಬೇರೆ ಬದಲಾವಣೆ ಆಗಲಿಲ್ಲ.

ನೋಂದಣಿಯ 15 ವರ್ಷದ ಅವಧಿ 2021ಕ್ಕೇ ಮುಗಿದಿತ್ತು. ಅದನ್ನು ಮುಂದಿನ ಐದು ವರ್ಷಕ್ಕೆ ನವೀಕರಿಸಬೇಕಾದರೆ ಗಾಡಿಯನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಬೇಕು, ನವೀಕರಣವಾಗುವ ತನಕ ಅದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಹೀಗಾಗಿ ಡಿಸೆಂಬರಿನ ಒಂದು ಬೆಳಿಗ್ಗೆ ಕರಿಜ್ಮಾ ಅಡಿಕೆ ಚೀಲಗಳ ಜೊತೆಗೆ ಪಿಕಪ್ಪಿನಲ್ಲಿ ಶಿವಮೊಗ್ಗಕ್ಕೆ ಪ್ರಯಾಣ ಬೆಳೆಸಿತು. ನವೀಕರಣಕ್ಕೆ ನಮೂನೆ 25, ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30, ಜೊತೆಗೆ ಹಳೆಯ ವಾಹನಗಳ ಹಸಿರು ತೆರಿಗೆ. ಹಸಿರಿಗೆ ನಾನು ಆಗಲೇ ಸಾಕಷ್ಟು ತೆತ್ತಿದ್ದೇನೆ ಎಂದು ಕೌಂಟರಿನಲ್ಲಿ ಹೇಳೋಣವೆನಿಸಿ ಸುಮ್ಮನಾದೆ. ಪರಿಶೀಲನೆಗೆ ಬಂದ ಅಧಿಕಾರಿ ಬ್ರೇಕ್ ತುಳಿಯಲು ಹೇಳಿದರು. ಹಾರ್ನು ಕೂಗಿದ್ದೇ ತಡ ಸಾಲಿನಲ್ಲಿ ನಿಂತಿದ್ದವರೆಲ್ಲ ಬದಿಗೆ ಸರಿದರು. ಅಧಿಕಾರಿ ಮಾತ್ರ ನಗದೆ, “ಸರಿ ಮಾಡಿಕೊಂಡು ಮಧ್ಯಾಹ್ನ ಬನ್ನಿ” ಎಂದರು.

ಆವರಣದಲ್ಲಿ ಬಯಲುಸೀಮೆಯ ಅಂಚಿನ ಧಾರಾಳ ಬಿಸಿಲಿತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ತಂತಿಗಳನ್ನು ಒರೆಸಿ ಆ ಬಿಸಿಲಿಗೆ ಹಿಡಿದೆ. ಮೂರು ಹಸಿರುಗಳೂ ಮೂರಾಗಿ ಕಂಡವು! ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು, ಮಧ್ಯಾಹ್ನ ಗಾಡಿ ಪಾಸಾಯಿತು. ಕಾಗದದ ಕೆಲಸವೆಲ್ಲ ಮುಗಿದು ಗಾಡಿ ನನ್ನ ಹೆಸರಿಗೆ ಬಂದ ಮೇಲೆ, ಆ ತನಕ ಶಿವಮೊಗ್ಗದ ನೆಂಟರ ಮನೆಯಲ್ಲಿ ನಿಲ್ಲಿಸಿದ್ದ ಬೈಕನ್ನು ತರಲು ಒಂದು ಭಾನುವಾರ ಬಸ್ಸು ಹತ್ತಿದೆ.

ಗಾಜನೂರು ದಾಟುವ ತನಕ ಎಂಜಿನ್ನು ಇಪ್ಪತ್ತು ವರ್ಷದ ಹಿಂದಿನ ನೆಹರೂ ರಸ್ತೆಯ ದನಿಯನ್ನೇ ತೆಗೆಯುತ್ತಿತ್ತು. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಕೆಮ್ಮಿ ನಿಂತುಬಿಟ್ಟಿತು. ಪ್ಲಗ್ ನೋಡಿದೆ, ಸರಿಯಿತ್ತು. ಪೆಟ್ರೋಲ್ ಇದೆಯೇ ಎಂದು ಟ್ಯಾಂಕಿನ ಮುಚ್ಚಳ ತೆರೆದಾಗ ‘ಹುಸ್’ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಿ ಒತ್ತಿದರೆ ಒಂದೇ ಸಲಕ್ಕೆ ಎಂಜಿನ್ನು ಹತ್ತಿತು. ಎಂಟು ಕಿಲೋಮೀಟರು ಹೋಗಿ ಮತ್ತೆ ನಿಂತಿತು, ಮತ್ತೆ ‘ಹುಸ್’. ಮೂರನೆಯ ಸಲಕ್ಕೆ ನೆನಪಾಯಿತು. ಮುಚ್ಚಳದಲ್ಲಿದ್ದ ಒಂದು ಸಣ್ಣ ತೂತಿನಿಂದ ಮಳೆನೀರು ಟ್ಯಾಂಕಿಗೆ ಇಳಿದೀತೆಂದು ಜುಲೈ ತಿಂಗಳಲ್ಲಿ ನಾನೇ ಅದಕ್ಕೆ ಎಂ-ಸೀಲ್ ತುಂಬಿ ಭದ್ರವಾಗಿ ಮುಚ್ಚಿದ್ದೆ. ಪೆಟ್ರೋಲು ಖರ್ಚಾದಂತೆ ಆ ಜಾಗಕ್ಕೆ ಗಾಳಿ ಬರಬೇಕಾದ ದಾರಿ ಅದೊಂದೇ ಆಗಿತ್ತು. ಮಂಡಗದ್ದೆಯಲ್ಲಿ ಒಮ್ಮೆ, ತೀರ್ಥಹಳ್ಳಿಗೆ ಮುಂಚೆ ಎರಡು ಸಲ, ತುಂಗೆಯ ಸೇತುವೆ ದಾಟಿದ ಮೇಲೆ ಇನ್ನೆರಡು ಸಲ ನಿಂತು ಮುಚ್ಚಳ ತೆರೆದು, ಬೈಕಿಗೆ ಉಸಿರು ಕೊಟ್ಟು ಮುಂದೆ ಸಾಗಿದೆ. ದಾರಿಯಲ್ಲಿ ನಿಂತು ವಿಚಾರಿಸಿದವರಿಗೆಲ್ಲ ಮೈಲೇಜ್ ನೋಡುತ್ತಿದ್ದೇನೆ ಎಂದು ಉತ್ತರಿಸಿದೆ.

ಮನೆ ತಲುಪಿದಾಗ ಕತ್ತಲಾಗಿತ್ತು. ಅಮ್ಮ ಜಗಲಿಯಲ್ಲಿ ಕುಳಿತು ಅಡಿಕೆ ತುಂಬುವ ಗೋಣಿಚೀಲದ ಹರಕನ್ನು ಹೊಲಿಯುತ್ತಿದ್ದರು. ಮುಚ್ಚಳವನ್ನು ಕೈಗೆ ಕೊಟ್ಟು ವಿಷಯ ಹೇಳಿದೆ. ಅವರು ಅದನ್ನು ದೀಪಕ್ಕೆ ಹಿಡಿದು ನೋಡಿ, ಕೈಯಲ್ಲಿದ್ದ ದಬ್ಬಣದ ತುದಿಯಿಂದ ನಾಲ್ಕು ಸಲ ಕೆದಕಿ, ಊದಿ, ಹಿಂದಕ್ಕೆ ಕೊಟ್ಟರು. “ಇಷ್ಟಕ್ಕೆ ಶಿವಮೊಗ್ಗದ ತನಕ ಹೋಗಿದ್ದೆಯಾ?” ಎಂದು ಮತ್ತೆ ಚೀಲಕ್ಕೆ ಕೈ ಹಾಕಿದರು.

ಆ ರಾತ್ರಿ ನೋಟುಪುಸ್ತಕ ತೆರೆದು ‘ಎಂ-ಸೀಲ್, 30 ರೂಪಾಯಿ’ ಎಂಬುದನ್ನು ಎಡಗಡೆಯ ಕಾಲಂನಿಂದ ಹೊಡೆದು ಹಾಕಿ ಬಲಗಡೆಗೆ ಬರೆದೆ.