ಮಲ್ಪೆ ಆಕಾಶದಲ್ಲಿ ಕಂಡದ್ದು ಒಂಬತ್ತನೇ ಗ್ರಹವಲ್ಲ

ಮಲ್ಪೆ ಬೀಚ್‌ನ ಸಂಜೆಯ ಫೋಟೊ. ಕಡಲ ಮೇಲೆ ಫಳಫಳ ಹೊಳೆಯುವ ಒಂದು ಚುಕ್ಕಿ. "ನಾಸಾ ಒಂಬತ್ತನೇ ಗ್ರಹ ಕಂಡುಹಿಡಿದಿದೆ, ಬರಿಗಣ್ಣಿಗೆ ಕಾಣುತ್ತದೆ, ಎಲ್ಲರಿಗೂ ಕಳಿಸಿ" ಎನ್ನುವ ಈ ಮೆಸೇಜ್ ಉಡುಪಿಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ.

ಸತ್ಯಾಂಶ: ಅಂಥ ಗ್ರಹ ಇನ್ನೂ ಸಿಕ್ಕಿಲ್ಲ.

ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಅಷ್ಟು ಜೋರಾಗಿ ಹೊಳೆಯುವುದು ಸಾಮಾನ್ಯವಾಗಿ ಶುಕ್ರ. ನಕ್ಷತ್ರದ ಹಾಗೆ ಮಿನುಗುವುದಿಲ್ಲ, ಕೆಲವು ಗಂಟೆಗಳಲ್ಲೇ ಕಡಲಿಗೆ ಇಳಿಯುತ್ತದೆ. ಸಣ್ಣ ಟೆಲಿಸ್ಕೋಪ್‌ನಲ್ಲಿ ನೋಡಿದರೆ ಚಂದ್ರನಂತೆ ಅರ್ಧವಾಗಿಯೋ ಕುಡುಗೋಲಿನ ಆಕಾರದಲ್ಲೋ ಕಾಣುವುದೂ ಉಂಟು. 1846ರಲ್ಲಿ ಸಿಕ್ಕ ಎಂಟನೇ ಗ್ರಹ ನೆಪ್ಚೂನೇ ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕಿಂತ ದೂರದ್ದು ಕಾಣುತ್ತದಾ?

ಗ್ರಹ ಎನ್ನಿಸಿಕೊಳ್ಳುವುದೂ ಸುಲಭವಲ್ಲ. 2005ರಲ್ಲಿ, ಆಗ ಒಂಬತ್ತನೇ ಗ್ರಹ ಎನ್ನಿಸಿಕೊಂಡಿದ್ದ ಪ್ಲೂಟೊದಷ್ಟೇ ಹೆಚ್ಚುಕಡಿಮೆ ದೊಡ್ಡದಾದ ಏರಿಸ್ ಎಂಬ ಕಾಯ ಪತ್ತೆಯಾಯಿತು. ಅದನ್ನೂ ಗ್ರಹಗಳ ಪಟ್ಟಿಗೆ ಸೇರಿಸುವುದಾ, ಪ್ಲೂಟೊವನ್ನೇ ಬಿಡುವುದಾ? 2006ರಲ್ಲಿ ಪ್ರಾಗ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತೀರ್ಮಾನಿಸಿತು: ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ಉಂಡೆಯಾಗಿರಬೇಕು, ತನ್ನ ದಾರಿಯಲ್ಲಿ ಬೇರೆ ಕಾಯಗಳ ಗುಂಪು ಉಳಿದಿರಬಾರದು. ಮೂರನೆಯದರಲ್ಲಿ ಪ್ಲೂಟೊ ಸೋತಿತು. ಈ ನಿಯಮಕ್ಕೆ ಈಗಲೂ ತಕರಾರಿದೆ, ಅದು ಸುಮ್ನೆ ಹುಟ್ಟಿದ ತಕರಾರೇನೂ ಅಲ್ಲ.

ಮೆಸೇಜ್‌ಗೆ ಸಣ್ಣ ಬುಡ ಮಾತ್ರ ಇದೆ. 2016ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ದೂರದ ಕೆಲವು ಕಾಯಗಳ ಕಕ್ಷೆ ನೋಡಿ, ದೊಡ್ಡ ಗ್ರಹವೊಂದು ಅಡಗಿರಬಹುದು ಎಂದು ಲೆಕ್ಕ ಹಾಕಿದರು. ಬರೀ ಲೆಕ್ಕ ಅಷ್ಟೇ. ಯಾವ ಟೆಲಿಸ್ಕೋಪ್‌ನ ಕಣ್ಣಿಗೂ ಅದು ಇನ್ನೂ ಬಿದ್ದಿಲ್ಲ.